ಕಡಲಿನ ಕರೆ ಪೀಣ್ಯಕ್ಕೆ ಮುಟ್ಟುತ್ತದೆ, ಅಳಿವೆ ಬಾಗಿಲಿಗೆ ಯಾಕೆ ಮುಟ್ಟುವುದಿಲ್ಲ?

“ಉಮ್ಮ, ಇನ್ನು ರೇಂಜ್ ಹೋಗ್ತದೆ. ಬಂದ ಮೇಲೆ ಫೋನ್ ಮಾಡ್ತೇನೆ.”

ಕಡಲಿಗೆ ಹೋಗುವವರಿರುವ ಮನೆಗಳಲ್ಲಿ ಈ ಮಾತು ಕೇಳದವರು ಯಾರೂ ಇರಲಿಕ್ಕಿಲ್ಲ. ನನ್ನ ಮಾಮನ ಮಗ ಮಂಗಳೂರು ದಕ್ಕೆಯಿಂದ ಹೊರಡುವ ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ದುಡಿಯುತ್ತಾನೆ. ಮನೆ ಕಸಬಾ ಬೆಂಗ್ರೆಯಲ್ಲಿ. ಬೋಟು ಅಳಿವೆ ಬಾಗಿಲು ದಾಟಿ ಒಂದೊಂದೂವರೆ ಗಂಟೆ ಆಗುವಾಗ ಫೋನಿನ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಮತ್ತೆ ಎಂಟು ದಿನ, ಹತ್ತು ದಿನ ಸುದ್ದಿಯೇ ಇಲ್ಲ. ಆದರೂ ಮಾಮಿ ದಿನಕ್ಕೆ ಎರಡು ಸಲ ಅವನ ನಂಬರ್ ಒತ್ತಿ ನೋಡುತ್ತಾರೆ. “ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ” ಎಂಬ ಸ್ವರ ಕೇಳಿ ಇಡುತ್ತಾರೆ. ಸಿಗುವುದಿಲ್ಲ ಅಂತ ಗೊತ್ತಿದ್ದೂ ಯಾಕೆ ಮಾಡ್ತೀರಿ ಅಂತ ಒಮ್ಮೆ ಕೇಳಿದೆ. “ಸಿಕ್ಕಿದರೆ ದಡದ ಹತ್ತಿರ ಬಂದಿದ್ದಾನೆ ಅಂತ ಗೊತ್ತಾಗ್ತದಲ್ವಾ ಮೋನೆ” ಅಂದರು.

ನಾನಿರುವುದು ಬೆಂಗಳೂರಿನ ಪೀಣ್ಯದಲ್ಲಿ, ಒಂದು ಸಣ್ಣ ಮಶೀನ್ ಶಾಪಿನಲ್ಲಿ ಕೆಲಸ. ಪೀಣ್ಯ ಎರಡನೇ ಹಂತದಲ್ಲಿ ಓಡಾಡುವಾಗೆಲ್ಲ ಇಸ್ರೋದ ಇಸ್ಟ್ರಾಕ್ ಕೇಂದ್ರದ ಕಾಂಪೌಂಡ್ ಗೋಡೆ ಕಾಣಸಿಗುತ್ತದೆ. ಚಂದ್ರಯಾನ ಅಂತ ಟಿವಿಯಲ್ಲಿ ಬಂದಾಗ ತೋರಿಸುವ ದೊಡ್ಡ ಪರದೆಗಳ ಕೋಣೆ ಇರುವುದು ಇಲ್ಲೇ. ನಮಗೂ ಅದಕ್ಕೂ ಎಂತ ಸಂಬಂಧ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ಸಂಬಂಧ ಉಂಟು ಮಾರಾಯ್ರೆ. ಅದೇ ಕೇಂದ್ರದಲ್ಲಿ ಇಂಡಿಯನ್ ಮಿಷನ್ ಕಂಟ್ರೋಲ್ ಸೆಂಟರ್ ಎಂಬ ವಿಭಾಗವೊಂದು ಇದೆ. ಕಡಲಿನಲ್ಲಿ ಅಪಾಯಕ್ಕೆ ಸಿಕ್ಕಿದ ದೋಣಿಯವರು ತಮ್ಮ ತುರ್ತು ಸಾಧನದ ಗುಂಡಿ ಒತ್ತಿದರೆ ಆ ಸಂದೇಶ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಇಳಿದು ಬಂದು ಸೇರುವುದು ಈ ಕೇಂದ್ರಕ್ಕೆ. ಯಾವ ದೋಣಿ, ಎಲ್ಲಿದೆ ಎಂದು ಇಲ್ಲಿ ಬಿಡಿಸಿ ನೋಡಿ, ಕೋಸ್ಟ್ ಗಾರ್ಡಿನ ರಕ್ಷಣಾ ಸಮನ್ವಯ ಕೇಂದ್ರಕ್ಕೆ ದಾಟಿಸುತ್ತಾರೆ. ಅಂದರೆ ಮಾಮಿಯ ಮಗ ಕಡಲ ನಡುವಿನಿಂದ ಕೂಗಿದರೆ, ಆ ಕೂಗು ಬೆಂಗ್ರೆಗೆ ಮುಟ್ಟುವ ಮೊದಲು ನಾನು ದಿನಾ ನಡೆಯುವ ರಸ್ತೆಯ ಪಕ್ಕಕ್ಕೆ ಬಂದು ಮುಟ್ಟುತ್ತದೆ.

ಹೀಗಿರುವಾಗ ದಡದಿಂದ ಹತ್ತು ಹದಿನೈದು ಮೈಲು ದೂರದ ಬೋಟಿನಿಂದ ಬಂದರಿಗೆ ಒಂದು ನೆಟ್ಟಗಿನ ಮಾತು ಮುಟ್ಟುವುದಿಲ್ಲ ಅಂದರೆ ಹೇಗೆ? ಈ ಪ್ರಶ್ನೆಯನ್ನೇ ಇವತ್ತು ಓದುಗರ ಮುಂದೆ ಇಡುತ್ತಿದ್ದೇನೆ.

ಮೂರು ಬಡಾವಣೆ, ಒಂದು ದಾರ

ಬೆಂಗಳೂರಿನ ಹೊರವಲಯದಲ್ಲಿ ನಮ್ಮ ಸಮುದಾಯದ ಯುವಕರು ಎಷ್ಟು ಮಂದಿ ಇದ್ದಾರೆ ಎಂದು ಎಣಿಸಿದವರಿಲ್ಲ. ಆದರೆ ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ, ಇವೆಲ್ಲದರ ನಡುವಿನ ಹೋಟೆಲು, ಅಂಗಡಿಗಳಲ್ಲಿ ನಮ್ಮವರು ಸಿಗದ ರಸ್ತೆ ಇಲ್ಲ. ಇವರಲ್ಲಿ ಹೆಚ್ಚಿನವರ ಊರಿನ ಮನೆಯಲ್ಲಿ ಕಡಲಿನ ನಂಟು ಒಂದಲ್ಲ ಒಂದು ರೀತಿಯಲ್ಲಿ ಉಂಟು. ಬೋಟಿನವರು, ಮೀನಿನ ವ್ಯಾಪಾರದವರು, ಐಸ್ ಪ್ಲಾಂಟಿನವರು, ಲಕ್ಷದ್ವೀಪಕ್ಕೆ ಸಾಮಾನು ಕಳಿಸುವ ಬಂದರಿನ ಮಂಡಿಯವರು, ಹಡಗಿನಲ್ಲಿ ಕೆಲಸಕ್ಕೆ ಹೋದವರು ಹೀಗೆ.

ಇವರೆಲ್ಲ ದಿನಾ ಕೆಲಸಕ್ಕೆ ಹೋಗುವ ಈ ಮೂರು ಕಡೆಗಳೂ ಮಂಗಳೂರಿನ ಬೋಟಿನ ಜೊತೆ ಒಂದೇ ದಾರದಲ್ಲಿ ಪೋಣಿಸಲ್ಪಟ್ಟಿವೆ. ಪೀಣ್ಯದ ವಿಷಯ ಹೇಳಿದೆ. ವೈಟ್‌ಫೀಲ್ಡ್ ದಾರಿಯ ಕುಂದಲಹಳ್ಳಿಯಲ್ಲಿ ‘ಗಗನ್’ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಜಿಪಿಎಸ್ ಕೊಡುವ ಸ್ಥಳದ ಲೆಕ್ಕದಲ್ಲಿ ಬರುವ ತಪ್ಪನ್ನು ತಿದ್ದಿ ಕೊಡುವ ವ್ಯವಸ್ಥೆ ಇದು. ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಇಸ್ರೋ ಸೇರಿ ವಿಮಾನಗಳಿಗಾಗಿ ಮಾಡಿದ್ದು. 2019ರ ಅಕ್ಟೋಬರ್‌ನಲ್ಲಿ ಇದೇ ಗಗನ್ ಉಪಗ್ರಹದ ಮೂಲಕ ಮೀನುಗಾರರಿಗೆ ಹವಾಮಾನದ ಎಚ್ಚರಿಕೆ ಕಳಿಸುವ ‘ಜೆಮಿನಿ’ ಎಂಬ ಸಣ್ಣ ಪೆಟ್ಟಿಗೆ ಬಿಡುಗಡೆಯಾಯಿತು. ಅದನ್ನು ತಯಾರಿಸಿದ್ದು ಬೆಂಗಳೂರಿನದೇ ಒಂದು ಕಂಪನಿ.

ಎಲೆಕ್ಟ್ರಾನಿಕ್ ಸಿಟಿಗೆ ಬನ್ನಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆ ಆಯಿತಲ್ಲ, ಅದರ ಟವರುಗಳಲ್ಲಿ ಕೂರುವ ರೇಡಿಯೊ ಉಪಕರಣ ಕೊಟ್ಟದ್ದು ಎಲೆಕ್ಟ್ರಾನಿಕ್ ಸಿಟಿಯ ತೇಜಸ್ ನೆಟ್‌ವರ್ಕ್ಸ್. ಆ ಜಾಲದ ಒಳಗಿನ ಮುಖ್ಯ ಸಾಫ್ಟ್‌ವೇರ್ ಸರಕಾರಿ ಸಂಸ್ಥೆ ಸಿ-ಡಾಟ್‌ನದು. ಸಿ-ಡಾಟ್‌ಗೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಂದ್ರ ಇದೆ.

ಹಾಗಾಗಿ ತಂತ್ರಜ್ಞಾನ ಇಲ್ಲ, ವಿದೇಶದಿಂದ ತರಬೇಕು ಎಂಬ ಮಾತು ಈಗ ನಡೆಯುವುದಿಲ್ಲ. ಎಲ್ಲವೂ ನಮ್ಮ ಪಿಜಿ, ಬಾಡಿಗೆ ಮನೆಗಳ ಸುತ್ತಮುತ್ತಲೇ ಉಂಟು. ಇಲ್ಲದ್ದು ಕೊನೆಯ ಕೊಂಡಿ. ಬೋಟಿನ ಕ್ಯಾಬಿನ್‌ನಿಂದ ಬಂದರಿನವರೆಗಿನ ಆ ಸಣ್ಣ ದೂರದ್ದು.

ಫೋನ್ ಎಷ್ಟು ನಂಬಬಹುದು?

ಇವತ್ತು ಬಂದರಿಗೆ ಬರುವ ಬೋಟು ಎಲ್ಲದಕ್ಕೂ ಫೋನನ್ನೇ ಹಿಡಿಯುತ್ತದೆ. ಅಳಿವೆಯಲ್ಲಿ ಹೂಳು ಎಲ್ಲಿ ತುಂಬಿದೆ, ಈಗ ಒಳಗೆ ಬರಬಹುದಾ, ನೀರು ಇಳಿದಿದೆಯಾ, ದಕ್ಕೆಯಲ್ಲಿ ಜಾಗ ಉಂಟಾ, ಬಂಗುಡೆಗೆ ರೇಟ್ ಎಷ್ಟು? ಎಲ್ಲವೂ ಫೋನಿನಲ್ಲೇ. ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವ ಆ ಒಂದೇ ಬಾಗಿಲಿನಲ್ಲಿ ಮೀನುಗಾರಿಕಾ ಬೋಟು, ನಾಡದೋಣಿ, ಲಕ್ಷದ್ವೀಪಕ್ಕೆ ಸಿಮೆಂಟ್, ತರಕಾರಿ ಹೊತ್ತ ಮಂಜಿ ಎಲ್ಲವೂ ಹೋಗಿಬರಬೇಕು. ಸ್ವಲ್ಪ ಉತ್ತರಕ್ಕೆ ಪಣಂಬೂರಿನಲ್ಲಿ ನವಮಂಗಳೂರು ಬಂದರು. ಅಲ್ಲಿಗೆ ಕಚ್ಚಾ ತೈಲ, ಗ್ಯಾಸ್, ಕಲ್ಲಿದ್ದಲು ಹೊತ್ತ ದೊಡ್ಡ ಹಡಗುಗಳು. ಅದರಾಚೆ ಕೊಲ್ಲಿಯಿಂದ ಕೊಚ್ಚಿ, ಕೊಲಂಬೊ ಕಡೆಗೆ ಹೋಗುವ ಹಡಗುಗಳ ದಾರಿ. 2025ರ ಜೂನ್ 9ರಂದು ಕೇರಳ ಕರಾವಳಿಯಾಚೆ ‘ವಾನ್ ಹೈ 503’ ಕಂಟೇನರ್ ಹಡಗಿಗೆ ಬೆಂಕಿ ಬಿದ್ದಾಗ, ಪಾರಾದ 18 ಸಿಬ್ಬಂದಿಯನ್ನು ನೌಕಾಪಡೆ ಕರೆತಂದದ್ದು ಪಣಂಬೂರಿಗೇ. ನಮ್ಮ ಕಡಲು ಅಷ್ಟು ಗಡಿಬಿಡಿಯ ಕಡಲು.

ಇಂಥ ಕಡೆ ಮೊಬೈಲ್ ಯಾಕೆ ಕೈಕೊಡುತ್ತದೆ? ಟವರಿನ ಆಂಟೆನಾಗಳನ್ನು ಜನ ಇರುವ ಕಡೆಗೆ, ಅಂದರೆ ಊರಿನ ಕಡೆಗೆ, ಸ್ವಲ್ಪ ಕೆಳಗೆ ಬಾಗಿಸಿ ಇಟ್ಟಿರುತ್ತಾರೆ. ಕಡಲಿಗೆ ಸಿಗುವುದು ಉಳಿದದ್ದು. ಹಳೆಯ 2ಜಿ ಟವರಿನ ಒಂದು ಸೆಲ್ ಸಾಮಾನ್ಯವಾಗಿ 35 ಕಿಲೋಮೀಟರಿಗಿಂತ ಆಚೆಗೆ ಕೆಲಸ ಮಾಡದ ಹಾಗೆ ಅದರ ಲೆಕ್ಕವೇ ಇತ್ತು. ಅದೂ ಎಲ್ಲ ಸರಿ ಇದ್ದರೆ. ಬೋಟಿನಲ್ಲಿ ನಿಂತವನ ಫೋನ್ ನೀರಿನಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಮಾತ್ರ ಇರುತ್ತದೆ, ಅಲೆಯ ಜೊತೆ ಏಳುತ್ತದೆ, ಇಳಿಯುತ್ತದೆ. ಬಂದರಿನ ಒಳಗೂ ತೊಂದರೆ ಉಂಟು. ಕಬ್ಬಿಣದ ಹಡಗು, ಕಂಟೇನರ್ ರಾಶಿ ಸಿಗ್ನಲಿಗೆ ಗೋಡೆ ಕಟ್ಟಿದ ಹಾಗೆ ಅಡ್ಡ ನಿಲ್ಲುತ್ತವೆ. ಎಲ್ಲ ಬೋಟುಗಳು ಒಟ್ಟಿಗೆ ಬರುವ ಹೊತ್ತಿಗೆ ಎಲ್ಲರೂ ಫೋನ್ ಹಿಡಿದರೆ ಟವರ್ ತುಂಬಿಹೋಗುತ್ತದೆ.

ಆದರೆ ಇದಕ್ಕಿಂತ ದೊಡ್ಡ ಮಾತು ಒಂದುಂಟು. ಫೋನ್ ಒಬ್ಬನಿಗೆ ಮಾತ್ರ ಕೇಳುತ್ತದೆ. ವಯರ್‌ಲೆಸ್ ಸುತ್ತ ಇರುವ ಎಲ್ಲರಿಗೂ ಕೇಳುತ್ತದೆ. ವಿಎಚ್‌ಎಫ್ ಸೆಟ್ಟಿನ 16ನೇ ಚಾನೆಲ್ ಪ್ರಪಂಚದ ಎಲ್ಲ ಕಡಲಿನಲ್ಲೂ ಅಪಾಯದ ಕರೆಗೆ ಮೀಸಲು. ಅದರಲ್ಲಿ ಒಮ್ಮೆ ಕೂಗಿದರೆ ಹತ್ತಿರದ ಹಡಗಿನವನು, ಪಕ್ಕದ ಬೋಟಿನವನು, ಬಂದರಿನವನು, ಕೋಸ್ಟ್ ಗಾರ್ಡಿನವನು ಒಟ್ಟಿಗೇ ಕೇಳುತ್ತಾರೆ. ಎದುರಿಗೆ ಬರುತ್ತಿರುವ ಟ್ಯಾಂಕರಿನ ಕ್ಯಾಪ್ಟನ್‌ನ ಮೊಬೈಲ್ ನಂಬರ್ ನಮ್ಮ ತಾಂಡೇಲರ ಹತ್ತಿರ ಇರುತ್ತದಾ? ಇರುವುದಿಲ್ಲ. ದೊಡ್ಡ ಹಡಗು ಎಂಜಿನ್ ನಿಲ್ಲಿಸಿದರೂ ಪೂರ್ತಿ ನಿಲ್ಲಲಿಕ್ಕೆ ಒಂದು ಮೈಲಿಗಿಂತ ಹೆಚ್ಚು ದೂರ ಬೇಕಾಗುವುದುಂಟು. ಆ ಹೊತ್ತಿನಲ್ಲಿ ಫೋನ್ ಹುಡುಕುತ್ತಾ ಕೂತರೆ ಕಥೆ ಮುಗಿಯಿತು.

ಹಾಗಂತ ಫೋನ್ ಬೇಡ ಅಂತಲ್ಲ. ದಕ್ಷಿಣ ಕೊರಿಯಾದ ಸೆವೋಲ್ ಹಡಗಿನ ದುರಂತ ನೆನಪಿರಬಹುದು. 2014ರ ಏಪ್ರಿಲ್ 16ರಂದು ಆ ಹಡಗು ವಾಲುತ್ತಿರುವಾಗ ಮೊದಲ ಸುದ್ದಿ ದಡಕ್ಕೆ ಮುಟ್ಟಿದ್ದು ಹಡಗಿನ ವಯರ್‌ಲೆಸ್ಸಿನಿಂದಲ್ಲ, ಒಳಗಿದ್ದ ಒಬ್ಬ ಶಾಲಾ ಹುಡುಗನ ಮೊಬೈಲಿನಿಂದ. ಆದರೆ ಫೋನ್ ಎತ್ತಿದ ಅಧಿಕಾರಿ ಅವನ ಹತ್ತಿರ ಅಕ್ಷಾಂಶ, ರೇಖಾಂಶ ಎಷ್ಟು ಅಂತ ಕೇಳಿದರು. ಪ್ರವಾಸಕ್ಕೆ ಹೊರಟ ಹುಡುಗನಿಗೆ ಅದು ಗೊತ್ತಿರಲು ಸಾಧ್ಯವೇ? ಆ ದಿನ 300ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಫೋನಿನ ಶಕ್ತಿಯೂ ಇದೇ, ಕೊರತೆಯೂ ಇದೇ. ಅದು ಎಲ್ಲರ ಕಿಸೆಯಲ್ಲಿದೆ. ಆದರೆ ನೀವು ಎಲ್ಲಿದ್ದೀರಿ ಎಂದು ಕೇಳಬೇಕಾದವರಿಗೆ ತನ್ನಷ್ಟಕ್ಕೆ ಹೇಳುವುದಿಲ್ಲ.

ಆ ನಂತರ ಕೊರಿಯಾ ಮಾಡಿದ್ದನ್ನು ನೋಡಿ. ಮೊಬೈಲಿನ ಎಲ್‌ಟಿಇ ತಂತ್ರವನ್ನೇ ಕಡಲಿಗೆ ತಿರುಗಿಸಿ, ಕರಾವಳಿಯಿಂದ ಸುಮಾರು 100 ಕಿಲೋಮೀಟರ್‌ವರೆಗೆ ಸಿಗುವ ಪ್ರತ್ಯೇಕ ಜಾಲ ಕಟ್ಟಿ, 2021ರಲ್ಲಿ ಹಡಗು, ಮೀನುದೋಣಿಗಳಿಗೆ ತೆರೆಯಿತು. ಸಿಂಗಾಪುರ ತನ್ನ ಬಂದರಿನ ಲಂಗರು ಜಾಗ, ಹಡಗಿನ ದಾರಿ, ಪೈಲಟ್ ಹತ್ತುವ ಜಾಗ ಎಲ್ಲಕ್ಕೂ 5ಜಿ ಮುಟ್ಟಿಸುವ ಯೋಜನೆಯನ್ನು 2023ರಲ್ಲಿ ಕೈಗೆತ್ತಿಕೊಂಡಿತು. ಅಲ್ಲಿ ಸಿಗ್ನಲ್ ಅನ್ನು ದೀಪಸ್ತಂಭದ ಹಾಗೆ, ಬೋಯಾದ ಹಾಗೆ ಬಂದರಿನದೇ ಸೌಕರ್ಯ ಎಂದು ಲೆಕ್ಕ ಹಾಕಿದರು. ನಮ್ಮಲ್ಲಿ ಅದು ಇನ್ನೂ ಸಿಮ್ ಕಂಪನಿಯ ಮರ್ಜಿ.

ನಮ್ಮದೇ ಕಡಲಿನ ಲೆಕ್ಕ

ದೂರದ ಉದಾಹರಣೆ ಸಾಕು. ನಮ್ಮ ಕಡಲಿನ ನಾಲ್ಕು ಘಟನೆ ಹೇಳುತ್ತೇನೆ.

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಆಗಲೇ ಆಳಸಮುದ್ರದಲ್ಲಿದ್ದರು. ದಡದಿಂದ 10–12 ಕಿಲೋಮೀಟರ್ ದಾಟಿದವರಿಗೆ ತೂಫಾನಿನ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ. ಜೆಮಿನಿ ಪೆಟ್ಟಿಗೆ ಹುಟ್ಟಿದ್ದೇ ಆ ಪಾಠದಿಂದ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಬಳಿಯ ಕಡಲ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು ಆ ಏಳು ಮನೆಗಳಲ್ಲಿ ಎಷ್ಟು ಸಲ ನಂಬರ್ ಒತ್ತಿರಬಹುದು?

2021ರ ಏಪ್ರಿಲ್ 13ರ ನಸುಕಿನಲ್ಲಿ ಬೇಪೂರಿನ ‘ರಬಾಹ್’ ಎಂಬ ಬೋಟಿಗೂ ಸಿಂಗಾಪುರದ ‘ಎಪಿಎಲ್ ಲೆ ಹಾವ್ರೆ’ ಹಡಗಿಗೂ ಡಿಕ್ಕಿಯಾಯಿತು. ಜಾಗ ನವಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು. ಬೋಟಿನಲ್ಲಿದ್ದದ್ದು 14 ಮಂದಿ. ಬದುಕಿ ಬಂದದ್ದು ಇಬ್ಬರು.

ಇನ್ನೊಂದು ತೀರಾ ಹತ್ತಿರದ್ದು. 2025ರ ಮೇ 12ರಂದು ಮಂಗಳೂರಿನಿಂದ ಲಕ್ಷದ್ವೀಪದ ಕಡಮತ್‌ಗೆ ಹೊರಟ ‘ಸಲಾಮತ್’ ಎಂಬ ಸರಕು ಹಡಗು ಮೇ 14ರ ಬೆಳಗ್ಗೆ 5.30ರ ಹೊತ್ತಿಗೆ ಮುಳುಗಿತು. ಆರು ಮಂದಿ ಸಣ್ಣ ಡಿಂಗಿಗೆ ಇಳಿದು ಜೀವ ಉಳಿಸಿಕೊಂಡರು. ಮಧ್ಯಾಹ್ನ 12.15ರ ಹೊತ್ತಿಗೆ ಸುರತ್ಕಲ್‌ನಿಂದ ಸುಮಾರು 52 ನಾಟಿಕಲ್ ಮೈಲು ಆಚೆ ಆ ದಾರಿಯಲ್ಲಿ ಹೋಗುತ್ತಿದ್ದ ಒಂದು ಹಡಗಿನವರಿಗೆ ಡಿಂಗಿ ಕಣ್ಣಿಗೆ ಬಿತ್ತು. ಅವರು ತಿಳಿಸಿದ ಮೇಲೆ ಕೋಸ್ಟ್ ಗಾರ್ಡಿನ ‘ವಿಕ್ರಮ್’ ಹೋಗಿ ಆರೂ ಮಂದಿಯನ್ನು ಕರೆತಂದಿತು. ಅಲ್‌ಹಮ್ದುಲಿಲ್ಲಾಹ್. ಆದರೆ ಯೋಚಿಸಿ. ಆರೂಮುಕ್ಕಾಲು ಗಂಟೆಯ ಮೇಲೆ, ಆ ದಾರಿಯಲ್ಲಿ ಬಂದ ಹಡಗಿನ ಯಾರೋ ಒಬ್ಬರು ಆ ಕಡೆ ನೋಡಿದ್ದರಿಂದ ಆರು ಮನೆಗಳು ಉಳಿದವು.

ಈ ನಾಲ್ಕಕ್ಕೂ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಡಿಕ್ಕಿಗೆ ಕಾರಣ ಬೇರೆ, ತೂಫಾನಿಗೆ ಕಾರಣ ಬೇರೆ. ಆದರೆ ನಾಲ್ಕರಲ್ಲೂ ದಡದಲ್ಲಿದ್ದವರ ಪ್ರಶ್ನೆ ಒಂದೇ ಆಗಿತ್ತು. ಅವರು ಎಲ್ಲಿದ್ದಾರೆ? ಆ ಪ್ರಶ್ನೆಗೆ ಉತ್ತರ ಅದೃಷ್ಟದ ಮೇಲೆ ನಿಲ್ಲಬಾರದು.

ಸರಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ಅನ್ಯಾಯ ಆಗುತ್ತದೆ. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಯೋಜನೆಯಲ್ಲಿ, ದೇಶದ ಕರಾವಳಿಯ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಪಗ್ರಹ ಟ್ರಾನ್ಸ್‌ಪಾಂಡರ್ ಅಳವಡಿಸುವ ತೀರ್ಮಾನ ಆಗಿದೆ. ವೆಚ್ಚ ಸುಮಾರು 364 ಕೋಟಿ ರೂಪಾಯಿ. ತಂತ್ರ ಇಸ್ರೋದ್ದು. ರೇಂಜ್ ಇಲ್ಲದ ಕಡೆಯೂ ಬೋಟಿನಿಂದ ದಡಕ್ಕೆ, ದಡದಿಂದ ಬೋಟಿಗೆ ಸಣ್ಣ ಸಂದೇಶ ಕಳಿಸಬಹುದು. ಹಳೆಯ ತುರ್ತು ಸಾಧನದಲ್ಲಿ ಗುಂಡಿ ಒತ್ತಿದವನಿಗೆ ಕರೆ ಮುಟ್ಟಿತಾ ಇಲ್ಲವಾ ಗೊತ್ತಾಗುತ್ತಿರಲಿಲ್ಲ. ಇಸ್ರೋದ ಎರಡನೇ ತಲೆಮಾರಿನ ಸಾಧನದಲ್ಲಿ “ನಿಮ್ಮ ಕರೆ ಬಂದಿದೆ” ಎಂಬ ಉತ್ತರವೂ ಬೋಟಿಗೆ ಬರುತ್ತದೆ, ಬ್ಲೂಟೂತ್ ಮೂಲಕ ತಮ್ಮ ಫೋನಿನಲ್ಲಿ ತಮ್ಮದೇ ಭಾಷೆಯಲ್ಲಿ ಓದಬಹುದು. ನೀರಿನಲ್ಲಿ ತೇಲುತ್ತಿರುವವನಿಗೆ ಆ ಒಂದು ಉತ್ತರದ ಬೆಲೆ ಎಷ್ಟು ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಏನು ಬೇಕು?

ಮೊದಲನೆಯದು, ಅಳಿವೆ ಬಾಗಿಲು ಮತ್ತು ಬಂದರಿನ ಚಾನೆಲ್‌ನಲ್ಲಿ ಮೊಬೈಲ್ ಸಿಗ್ನಲನ್ನು ಬಂದರಿನ ಕೆಲಸದ ಭಾಗ ಮಾಡಬೇಕು. ಡ್ರೆಜ್ಜಿಂಗ್‌ಗೆ ಟೆಂಡರ್ ಕರೆಯುತ್ತಾರೆ, ತಡೆಗೋಡೆಗೆ ಹಣ ಇಡುತ್ತಾರೆ, ದಕ್ಕೆ ಉದ್ದ ಮಾಡುತ್ತಾರೆ. ಸಿಗ್ನಲಿಗೆ ಒಂದು ಸಾಲೂ ಇರುವುದಿಲ್ಲ. ಹಳೆ ಬಂದರನ್ನು ನೋಡಿಕೊಳ್ಳುವ ಕರ್ನಾಟಕ ಜಲಸಾರಿಗೆ ಮಂಡಳಿ, ಮೀನುಗಾರಿಕೆ ಇಲಾಖೆ, ನವಮಂಗಳೂರು ಬಂದರು ಪ್ರಾಧಿಕಾರ ಮೂವರೂ ಒಟ್ಟಿಗೆ ಕೂತು, ಒಂದು ಬೋಟಿನಲ್ಲಿ ಉಪಕರಣ ಇಟ್ಟು ದಡದಿಂದ 15 ನಾಟಿಕಲ್ ಮೈಲಿನವರೆಗೆ ಅಳತೆ ಮಾಡಲಿ. ಎಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬ ನಕ್ಷೆಯನ್ನು ದಕ್ಕೆಯ ಗೋಡೆಯಲ್ಲಿ ಅಂಟಿಸಲಿ. ಕಂಪನಿಗಳ ಕವರೇಜ್ ನಕ್ಷೆ ಊರಿನ ರಸ್ತೆಗೆ ಮಾಡಿದ್ದು, ಕಡಲಿಗಲ್ಲ.

ಹಣ ಎಲ್ಲಿಂದ ಅಂತ ಕೇಳುವವರಿಗೆ ಒಂದು ಮಾತು. ಲಾಭ ಇಲ್ಲದ ಕಡೆಗೆ ದೂರಸಂಪರ್ಕ ಮುಟ್ಟಿಸಲಿಕ್ಕೆಂದೇ ಕೇಂದ್ರದ ಹತ್ತಿರ ಒಂದು ನಿಧಿ ಇದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಕಡಲ ತಳದಲ್ಲಿ ಕೇಬಲ್ ಎಳೆದದ್ದು ಇದೇ ನಿಧಿಯ ಹಣದಲ್ಲಿ, ಹಳೆಯ ಹೆಸರಿನಲ್ಲಿದ್ದಾಗ. 2024ರ ಜನವರಿಯಲ್ಲಿ ಅದರ ಉದ್ಘಾಟನೆ ಆಯಿತು. ದ್ವೀಪಕ್ಕೆ ಕೇಬಲ್ ಮುಟ್ಟಿತು, ಸಂತೋಷ. ಆ ದ್ವೀಪಕ್ಕೆ ಅಕ್ಕಿ, ಸಿಮೆಂಟ್ ಹೊತ್ತು ಹೋಗುವ ಮಂಜಿಗೆ ಸಂಪರ್ಕ ಇಲ್ಲ ಅಂದರೆ ಅದು ಅರ್ಧ ಕೆಲಸ.

ಎರಡನೆಯದು, ಫೋನ್ ಬಂತು ಅಂತ ವಯರ್‌ಲೆಸ್ ಸೆಟ್ಟನ್ನು ಮೂಲೆಗೆ ಹಾಕಬಾರದು. ಬ್ಯಾಟರಿ ಇಲ್ಲದ ಸೆಟ್, ಆಂಟೆನಾ ಮುರಿದ ಸೆಟ್ ಬೋಟಿನಲ್ಲಿ ಇದ್ದೂ ಇಲ್ಲದ ಹಾಗೆ. ಹತ್ತಿರದಲ್ಲಿ ಫೋನ್, ಸ್ವಲ್ಪ ಆಚೆಗೆ ವಯರ್‌ಲೆಸ್, ಅದರಾಚೆಗೆ ಉಪಗ್ರಹ. ಈ ಮೂರರಲ್ಲಿ ಒಂದು ಹೋದರೆ ಇನ್ನೊಂದು ಇರಬೇಕು. ಉಪಗ್ರಹವನ್ನು ಮಾತ್ರ ನಂಬಿದರೂ ಕಷ್ಟ. 2025ರ ಜೂನ್ 17ರಂದು ಯುಎಇಯ ಖೋರ್ ಫಕ್ಕಾನ್ ಆಚೆ ಎರಡು ಟ್ಯಾಂಕರುಗಳು ಡಿಕ್ಕಿಯಾದ ಸುದ್ದಿಯನ್ನು ಗಲ್ಫಿನಲ್ಲಿರುವ ನಮ್ಮವರು ಓದಿರುತ್ತೀರಿ. ಆ ದಿನಗಳಲ್ಲಿ ಅಲ್ಲಿ ಹಡಗುಗಳ ಜಿಪಿಎಸ್ ಸಿಗ್ನಲ್ ಕೆಡುತ್ತಿತ್ತು. ಡಿಕ್ಕಿಗೆ ಕಾರಣ ನಡೆಸುವವರ ತಪ್ಪು ಅಂದಾಜು ಎಂದು ಯುಎಇ ಹೇಳಿತು. ಯಾವ ಪೆಟ್ಟಿಗೆ ಇದ್ದರೂ ಕಣ್ಣು, ಕಿವಿ, ಬುದ್ಧಿ ಎಚ್ಚರ ಇರಬೇಕು ಎಂಬ ಪಾಠ ಎರಡರಲ್ಲೂ ಉಂಟು.

ಮೂರನೆಯದು, ತರಬೇತಿ ಮತ್ತು ರಿಪೇರಿ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲೇ ಇರುತ್ತವೆ, ಬಲೆ ಹೆಣೆಯುತ್ತಾರೆ, ಪೈಂಟ್ ಹೊಡೆಯುತ್ತಾರೆ. ಆ 61 ದಿನದಲ್ಲಿ ಪ್ರತಿ ಬೋಟಿನ ಸೆಟ್, ಟ್ರಾನ್ಸ್‌ಪಾಂಡರ್ ಪರೀಕ್ಷೆ ಮಾಡಿ ಚೀಟಿ ಕೊಡುವ ವ್ಯವಸ್ಥೆ ದಕ್ಕೆಯಲ್ಲೇ ಆಗಬೇಕು. ಕೆಟ್ಟ ಪೆಟ್ಟಿಗೆಯನ್ನು ಬೇರೆ ಊರಿಗೆ ಕಳಿಸಿ ತಿಂಗಳು ಕಾಯುವ ಹಾಗಿದ್ದರೆ ಯಾರೂ ಕಳಿಸುವುದಿಲ್ಲ. ತರಬೇತಿಯನ್ನು ಮಾತ್ರ ಆಗ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಯಾಕೆಂದರೆ ಹೊರ ರಾಜ್ಯದ ಕೆಲಸಗಾರರು ಆ ಹೊತ್ತಿಗೆ ಊರಿಗೆ ಹೋಗಿರುತ್ತಾರೆ. ಅವರು ವಾಪಸು ಬಂದ ಮೇಲೆ, ಬೋಟು ಇಳಿಸುವ ಮೊದಲು, ಅರ್ಧ ದಿನ ಸಾಕು. ಭಾಷೆ ಮುಖ್ಯ. ಒಂದೇ ಬೋಟಿನಲ್ಲಿ ತುಳು, ಬ್ಯಾರಿ, ಮಲಯಾಳ, ತಮಿಳು, ಒಡಿಯಾ ಮಾತಾಡುವವರು ಇರುವುದುಂಟು. ತಾಂಡೇಲರಿಗೆ ಒಬ್ಬರಿಗೇ ಗುಂಡಿ ಒತ್ತಲು ಗೊತ್ತಿದ್ದರೆ, ತಾಂಡೇಲರೇ ನೀರಿಗೆ ಬಿದ್ದ ದಿನ ಏನು ಮಾಡುವುದು?

“ನಮ್ಮ ಜಾಗ ಬೇರೆಯವರಿಗೆ ಗೊತ್ತಾಗ್ತದೆ”

ಇದಕ್ಕೆ ದಕ್ಕೆಯಲ್ಲಿ ಒಂದು ಆಕ್ಷೇಪ ಕೇಳುತ್ತದೆ. ಟ್ರಾನ್ಸ್‌ಪಾಂಡರ್ ಹಾಕಿದರೆ ನಾವು ಎಲ್ಲಿ ಮೀನು ಹಿಡಿಯುತ್ತೇವೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಇಲಾಖೆಯವರು ದಂಡ ಹಾಕುತ್ತಾರೆ ಅಂತ. ಈ ಭಯವನ್ನು ತಮಾಷೆ ಮಾಡುವುದು ಸರಿಯಲ್ಲ. ಮೀನಿನ ಜಾಗ ಎಂದರೆ ಆ ಬೋಟಿನವರ ಬಂಡವಾಳ. ವ್ಯಾಪಾರದ ಗುಟ್ಟು ಕಾಯುವುದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಎರಡನ್ನು ಬೇರೆ ಮಾಡಿ ನೋಡಬೇಕು. ದೊಡ್ಡ ಹಡಗುಗಳಲ್ಲಿರುವ ಎಐಎಸ್ ತನ್ನ ಜಾಗವನ್ನು ಸುತ್ತ ಇರುವ ಎಲ್ಲರಿಗೂ ಕೂಗಿ ಹೇಳುತ್ತದೆ. ಡಿಕ್ಕಿ ತಪ್ಪಿಸಲು ಅದು ಬೇಕು, ಮುಖ್ಯವಾಗಿ ಹಡಗಿನ ದಾರಿಯಲ್ಲಿ ಮತ್ತು ಬಂದರಿನ ಬಾಯಿಯಲ್ಲಿ. ಮರದ, ಫೈಬರಿನ ಬೋಟು ಹಡಗಿನ ರಾಡಾರಿನಲ್ಲಿ ಸರಿಯಾಗಿ ಕಾಣುವುದಿಲ್ಲ ಎಂಬುದು ನೆನಪಿರಲಿ. ಉಪಗ್ರಹ ಟ್ರಾನ್ಸ್‌ಪಾಂಡರಿನ ಸಂದೇಶ ಹಾಗೆ ಪಕ್ಕದ ಬೋಟಿಗೆ ಕೇಳುವಂಥದ್ದಲ್ಲ. ಅದು ದಡದ ಕೇಂದ್ರಕ್ಕೆ ಹೋಗುತ್ತದೆ. ಆ ಮಾಹಿತಿಯನ್ನು ಯಾರು ನೋಡಬಹುದು, ಯಾವುದಕ್ಕೆ ಬಳಸಬಹುದು ಎಂದು ಸರಕಾರ ಲಿಖಿತವಾಗಿ ಹೇಳಲಿ. ಬೋಟ್ ಮಾಲಕರ ಸಂಘಗಳು ಅದನ್ನು ಕೇಳಿ ಪಡೆಯಲಿ. ಕೇಳದೆ ಸ್ವಿಚ್ ಆಫ್ ಮಾಡಿ ಇಡುವುದು ಮಾತ್ರ ಬೇಡ. ಮಾಲಕರು ದಡದಲ್ಲಿರುತ್ತಾರೆ, ಸ್ವಿಚ್ ಆಫ್‌ನ ಬೆಲೆ ಕೊಡುವುದು ಬೋಟಿನ ಒಳಗಿದ್ದವರು.

ಕಡಲಿನ ಅಪಾಯ ಬೆಂಗ್ರೆಯವರಿಗೆ ನಾನು ಹೇಳಿ ಗೊತ್ತಾಗಬೇಕಾಗಿಲ್ಲ. 2020ರ ನವೆಂಬರ್ 30ರ ರಾತ್ರಿ ಶ್ರೀರಕ್ಷಾ ಬೋಟು ಮಗುಚಿ ಆರು ಮಂದಿ ತೀರಿಕೊಂಡ ಆ ವಾರ, ಎರಡೂ ಬೆಂಗ್ರೆಗಳಲ್ಲಿ ಯಾರ ಮನೆ ಯಾವ ಜಾತಿ ಅಂತ ಯಾರೂ ನೋಡಲಿಲ್ಲ. ಮೊಗವೀರರ ಮನೆ, ಬ್ಯಾರಿಗಳ ಮನೆ ಒಂದೇ ಆಗಿತ್ತು. ಈ ಬೇಡಿಕೆಯೂ ಹಾಗೆಯೇ ಒಟ್ಟಿಗೆ ಹೋಗಬೇಕು.

ಬೆಂಗಳೂರಿನಲ್ಲಿರುವವರಿಗೆ

ಕೊನೆಗೆ ನನ್ನ ಹಾಗೆ ಬೆಂಗಳೂರಿನಲ್ಲಿರುವವರಿಗೆ ಒಂದು ಮಾತು. ನಮ್ಮ ಹುಡುಗರು ನೆಟ್‌ವರ್ಕ್ ಟೆಸ್ಟಿಂಗ್ ಮಾಡುತ್ತಾರೆ, ಆ್ಯಪ್ ಮಾಡುತ್ತಾರೆ, ಸರ್ಕ್ಯೂಟ್ ಬೋರ್ಡ್ ಜೋಡಿಸುತ್ತಾರೆ, ಪೀಣ್ಯದಲ್ಲಿ ಅದರ ಕವಚ ಕೊರೆಯುತ್ತಾರೆ. ಊರಿಗೆ ಹೋದಾಗ ಒಂದು ದಿನ ದಕ್ಕೆಗೆ ಹೋಗಿ. ಒಂದು ಬೋಟ್ ಹತ್ತಿ ಅಳಿವೆವರೆಗೆ ಹೋಗಿ ಬನ್ನಿ. ಯಾವ ಜಾಗದಲ್ಲಿ ಸಿಗ್ನಲ್ ಬೀಳುತ್ತದೆ ಅಂತ ನಿಮ್ಮ ಫೋನಿನಲ್ಲೇ ಬರೆದುಕೊಳ್ಳಬಹುದು. ಹತ್ತು ಮಂದಿ ಹತ್ತು ಸಲ ಬರೆದ ಪಟ್ಟಿಯನ್ನು ಮನವಿಯ ಜೊತೆ ಇಟ್ಟರೆ ಇಲಾಖೆಯವರಿಗೆ ಇಲ್ಲ ಅನ್ನಲಿಕ್ಕೆ ಕಷ್ಟ. ತುರ್ತು ಸಾಧನವನ್ನು ಹೇಗೆ ಬಳಸುವುದು ಎಂದು ಬ್ಯಾರಿ ಭಾಷೆಯಲ್ಲಿ ಎರಡು ನಿಮಿಷದ ಒಂದು ವಿಡಿಯೋ ಮಾಡಲು ಯಾರ ಅನುಮತಿಯೂ ಬೇಡ. ಮದ್ರಸಾ ಹಾಲಿನಲ್ಲಿ, ಜಮಾಅತ್‌ನ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದನ್ನು ತೋರಿಸಬಹುದು.

ಮನೆಯಲ್ಲಿರುವವರಿಗೂ ಕೆಲಸ ಉಂಟು. ಕೋಸ್ಟ್ ಗಾರ್ಡಿನ ತುರ್ತು ನಂಬರ್ 1554, ಕರಾವಳಿ ಕಾವಲು ಪೊಲೀಸರದ್ದು 1093. ಅಡುಗೆಕೋಣೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಬೋಟಿನ ಹೆಸರು, ನೋಂದಣಿ ನಂಬರ್, ಹೊರಟ ದಿನ, ಮಾಲಕರ ನಂಬರ್ ಅದರ ಕೆಳಗೆ ಇರಲಿ. ತುರ್ತು ಸಾಧನ ನೋಂದಣಿ ಮಾಡುವಾಗ, ಅಪಾಯ ಬಂದರೆ ಯಾರನ್ನು ಸಂಪರ್ಕಿಸಬೇಕು ಎಂದು ದಡದ ಒಂದು ಫೋನ್ ನಂಬರ್ ಬರೆಸಿಕೊಳ್ಳುವುದುಂಟು. ಆ ಜಾಗದಲ್ಲಿ ಈಗ ಯಾರ ನಂಬರ್ ಇದೆ ಅಂತ ಒಮ್ಮೆ ವಿಚಾರಿಸಿ. ಹಳೆ ಮಾಲಕರದ್ದಾ, ಎರಡು ವರ್ಷದ ಹಿಂದೆ ಬಂದ್ ಆದ ಸಿಮ್ಮಿನದ್ದಾ ಯಾರಿಗೆ ಗೊತ್ತು?

ಕಳೆದ ಸಲ ಊರಿಗೆ ಹೋದಾಗ ಮಾಮಿಗೆ ಪೀಣ್ಯದ ಆ ಕೇಂದ್ರದ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಲ್ಲಿಂದ ನನಗೆ ಯಾರು ಫೋನ್ ಮಾಡುವುದು?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಮಾಮನ ಮಗನನ್ನು ಕರೆದುಕೊಂಡು ಬೋಟಿನ ಮಾಲಕರ ಮನೆಗೆ ಹೋದೆ. ಕಾಗದ ತೆಗೆಸಿ ನೋಡಿದೆವು. ಅದರಲ್ಲಿದ್ದ ನಂಬರ್ ಈಗ ಯಾರ ಹತ್ತಿರವೂ ಇಲ್ಲ.

ಬದಲಾಯಿಸಲು ಅರ್ಜಿ ಕೊಟ್ಟು ಬಂದಿದ್ದೇವೆ. ನಿಮ್ಮ ಮನೆಯದ್ದನ್ನು ಈ ವಾರ ನೋಡಿ.